ನಮ್ಮ ವಿಶ್ವವಿದ್ಯಾನಿಲಯ ಯಾವ ಕಡೆ?

ಕುಲದೇವರಿಗೂ ವಿಶ್ವವಿದ್ಯಾನಿಲಯಕ್ಕೂ ಒಂದು ಹೋಲಿಕೆಯುಂಟು. ಎರಡರ ಹೆಸರಿನಲ್ಲೂ ಮನೆಯ ಕಾರ್ಯಗಳು ನಡೆಯುತ್ತವೆ. ಎರಡೂ ಇರುವುದು ದೂರದಲ್ಲಿ. ಮಕ್ಕಳಿಗೆ ದರ್ಶನ ಮಾಡಿಸುವವರು ಕಡಮೆ. ಕೆ.ಆರ್. ಪುರದ ಕಡೆಯ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವ ನನಗೆ ಇದು ಆಗಾಗ ತೋಚುತ್ತದೆ. ಪದವಿಪತ್ರದ ನೆತ್ತಿಯ ಮೇಲಿರುವ ಹೆಸರಿನ ಮನೆಯನ್ನು ಒಮ್ಮೆಯೂ ಕಾಣದೆ ಓದು ಮುಗಿಸುವ ಹುಡುಗರೇ ನಮ್ಮಲ್ಲಿ ಹೆಚ್ಚು.

ದೇವರಾದರೂ ಒಂದು ಕಡೆ ನೆಲೆಸಿರುತ್ತಾನೆ. ಬೆಂಗಳೂರಿನ ಕಾಲೇಜುಗಳಿಗೆ ಆ ಭಾಗ್ಯವೂ ಇಲ್ಲ. 1858ರ ಸೆಂಟ್ರಲ್ ಕಾಲೇಜನ್ನೇ ನೋಡಿ: ಮೊದಲು ಮದರಾಸಿನ ಯಜಮಾನಿಕೆ, 1916ರಿಂದ ಮೈಸೂರಿನದು, 1964ರಲ್ಲಿ ಬೆಂಗಳೂರಿಗೇ ವಿಶ್ವವಿದ್ಯಾನಿಲಯ ಬಂದಾಗ ಅದರ ತವರು ಇದೇ ಆಯಿತು. (1919ರಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳ ‘ಪ್ರಬುದ್ಧ ಕರ್ಣಾಟಕ’ ಹೊರಟದ್ದೂ ಇಲ್ಲಿನ ಕರ್ಣಾಟಕ ಸಂಘದಿಂದಲೇ. ಕನ್ನಡ ಮೇಷ್ಟರಾದವನು ಇದನ್ನು ಹೇಳದೆ ಮುಂದೆ ಹೋಗುವಂತಿಲ್ಲ.) 1973ರಲ್ಲಿ ವಿಶ್ವವಿದ್ಯಾನಿಲಯ ಊರ ಪಶ್ಚಿಮದ ಜ್ಞಾನಭಾರತಿಗೆ, ಸುಮಾರು 1,100 ಎಕರೆಯ ಆವರಣಕ್ಕೆ ಹೋಯಿತು.

ನಾನು ಎಂ.ಎ. ಓದಿದ್ದು ಅಲ್ಲಿ. ಹಲಸೂರಿನಿಂದ ಎರಡು ಬಸ್ಸು ಬದಲಿಸಿ, ಗೇಟಿನಿಂದ ಮರಗಳ ಕೆಳಗೆ ನಡೆದು ತಲಪುವಷ್ಟರಲ್ಲಿ ಅರ್ಧ ಬೆಳಗು ಕಳೆದಿರುತ್ತಿತ್ತು. ಆದರೇನು? ಬಿ.ಎ.ಯಲ್ಲಿ ನಾನು ಕಂಡದ್ದು ಪ್ರಶ್ನೆ, ಅದರ ಕೆಳಗೆ ಉತ್ತರ, ಎರಡೂ ಗೈಡಿನಲ್ಲಿದ್ದವು. ಇನ್ನೂ ಯಾರಿಗೂ ಉತ್ತರ ಸಿಗದ ಪ್ರಶ್ನೆಗಳುಂಟು, ಅವುಗಳ ಬೆನ್ನು ಹತ್ತಿ ಐದಾರು ವರ್ಷ ಕೂರುವವರುಂಟು ಎಂಬುದು ತಿಳಿದದ್ದು ಅಲ್ಲಿಯ ಗ್ರಂಥಾಲಯದಲ್ಲಿ. ಎದುರು ಮೇಜಿನಲ್ಲಿದ್ದವರೊಬ್ಬರು ಒಂದು ಶಾಸನದ ಒಂದೇ ಒಂದು ಶಬ್ದಕ್ಕಾಗಿ ಇಡೀ ವಾರ ಸಂಪುಟಗಳನ್ನು ತಿರುವಿಹಾಕುತ್ತಿದ್ದರು. ಅವರಿಗೆ ಅದು ಸಿಕ್ಕಿತೋ ಇಲ್ಲವೋ, ನನಗಂತೂ ಸಿಗಬೇಕಾದ್ದು ಸಿಕ್ಕಿತು.

ಆರುನೂರಕ್ಕೂ ಹೆಚ್ಚು ಕಾಲೇಜುಗಳನ್ನು ಒಂದೇ ಮನೆ ಸಾಕಲಾರದೆಂದು 2017ರಲ್ಲಿ ಪಾಲು ಮಾಡಿದರು. ಪಾಲು ತಪ್ಪೆಂದು ನಾನು ಹೇಳಲಾರೆ. ಉತ್ತರಪತ್ರಿಕೆಗಳ ಬೆಟ್ಟವನ್ನು ಕಂಡವನು ನಾನು. ಜ್ಞಾನಭಾರತಿ ಹಳೆಯ ಹೆಸರಿನಲ್ಲೇ ಉಳಿಯಿತು. ಸೆಂಟ್ರಲ್ ಕಾಲೇಜಿನಲ್ಲಿ ಇನ್ನೊಂದು ಒಲೆ ಹೂಡಿತು. 2025ರ ಬಜೆಟ್ಟಿನಲ್ಲಿ ಅದಕ್ಕೆ ಮನಮೋಹನ ಸಿಂಗರ ಹೆಸರು ಘೋಷಣೆಯಾಯಿತು. ಕೆ.ಆರ್. ಪುರದವರಾದ ನಾವು ಬೆಂಗಳೂರು ಉತ್ತರದ ಪಾಲಾದೆವು. ಆ ‘ಉತ್ತರ’ವಿರುವುದು ಹಳೆ ಮದರಾಸು ರಸ್ತೆ ಹಿಡಿದು ಪೂರ್ವಕ್ಕೆ ಹೋದರೆ ಸಿಗುವ ಕೋಲಾರದಲ್ಲಿ. ದಿಕ್ಕುಗಳ ವಿಷಯ ಭೂಗೋಳದವರಿಗೆ ಬಿಟ್ಟದ್ದು.

ತಮಾಷೆಯೆಂದರೆ, ಹೀಗೆ ಬೇರೆಯಾದ ಮೇಲೆ 2023ರಲ್ಲಿ ನೇರಳೆ ಮೆಟ್ರೋ ಪೂರ್ತಿಯಾಯಿತು. ಈಗ ಕೆ.ಆರ್. ಪುರದಲ್ಲಿ ಹತ್ತಿದವನು ಗಾಡಿ ಬದಲಿಸದೆ, ಹಲಸೂರು, ಸೆಂಟ್ರಲ್ ಕಾಲೇಜು ದಾಟಿ ಜ್ಞಾನಭಾರತಿ ನಿಲ್ದಾಣದಲ್ಲಿ ಇಳಿಯಬಹುದು. ದಾರಿ ಸಲೀಸಾದಾಗ ನೆಂಟತನ ಹೋಗಿತ್ತು.

ಈ ವರ್ಷ ನಮ್ಮಲ್ಲೊಬ್ಬಳು ಹುಡುಗಿಯಿದ್ದಾಳೆ. ಮನೆಮಾತು ತಮಿಳು, ಪಂಪನ ಕರ್ಣನ ಮೇಲೆ ಅವಳು ಕೇಳುವ ಪ್ರಶ್ನೆಗಳಿಗೆ ನಾನು ಹಿಂದಿನ ರಾತ್ರಿಯೇ ಸಿದ್ಧವಾಗಬೇಕು. ಕನ್ನಡ ಎಂ.ಎ. ಮಾಡಬೇಕಂತೆ. ಕೋಲಾರವೋ, ‘ಹೊರ ವಿಶ್ವವಿದ್ಯಾನಿಲಯದವಳು’ ಎನಿಸಿಕೊಂಡು ಜ್ಞಾನಭಾರತಿಯೋ? ಮೊನ್ನೆ ತಾಯಿಯನ್ನು ಕರೆತಂದಳು. ಆ ತಾಯಿ ಪಂಪನನ್ನಾಗಲಿ ಅಂಕಗಳನ್ನಾಗಲಿ ವಿಚಾರಿಸಲಿಲ್ಲ.

“ಎಷ್ಟೊತ್ತಿಗೆ ಮನೆಗೆ ಬರ್ತಾಳೆ ಸಾರ್?” ಎಂದರು.

ಮೆಟ್ರೋದಲ್ಲಾದರೆ ದೀಪ ಹಚ್ಚುವ ಹೊತ್ತಿಗೆ ಬಂದುಬಿಡಬಹುದು ಎಂದೆ. ತಾಯಿ ತಲೆಯಾಡಿಸಿದರು.

“ಸಾರ್, ಅಲ್ಲಿ ಲೈಬ್ರರಿ ಎಷ್ಟು ಗಂಟೆ ತನಕ ತೆಗೆದಿರತ್ತೆ?” ಎಂದಳು ಹುಡುಗಿ. ತಾಯಿ ಅವಳ ಕಡೆ ತಿರುಗಿ ನೋಡಿದರು.