ಅಂಗೈಯಲ್ಲೊಂದು ಹಿತ್ತೀನ್

ಯುದ್ಧವನ್ನು ಆಟವಾಗಿಸಿಕೊಳ್ಳುವ ವಾಡಿಕೆ ಮನುಷ್ಯನಿಗೆ ಹೊಸದಲ್ಲ. ಭಾರತದ ಚತುರಂಗವು ಇರಾನಿಗೆ ಹೋಯಿತು. ಅಲ್ಲಿಂದ ಅರಬರ ಕೈಸೇರಿ ಶತ್ರಂಜ್ ಆಗಿ, ಅಬ್ಬಾಸಿ ಖಲೀಫರ ಬಗ್ದಾದಿನಲ್ಲಿ ಒಂದು ವಿದ್ಯೆಯೇ ಆಗಿ ಬೆಳೆಯಿತು. ಒಂಬತ್ತನೆಯ ಶತಮಾನದಲ್ಲಿ ಅಲ್-ಅದ್ಲೀ ಎಂಬವರು ಅದರ ಕುರಿತು ಗ್ರಂಥ ಬರೆದರು. ಹತ್ತನೆಯ ಶತಮಾನದ ಅಸ್ಸೂಲೀ ಎಂಬವರು ಖಲೀಫರ ಆಸ್ಥಾನದಲ್ಲಿ ಸರಿಸಾಟಿಯಿಲ್ಲದ ಆಟಗಾರರೆನಿಸಿದ್ದರು. ನಮ್ಮ ನಾಡಿನ ಆನೆಗೆ ಅರಬರು ಅಲ್-ಫೀಲ್ ಎಂದರು. ಸ್ಪೇನಿನವರು ಆ ಕಾಯಿಯನ್ನು ಇಂದಿಗೂ ಅಲ್ಫಿಲ್ ಎಂದೇ ಕರೆಯುತ್ತಾರೆ.

ಆ ಹಳೆಯ ವಂಶದ ಒಂದು ಕಿರಿಯ ಕುಡಿ ನಮ್ಮ ಮನೆಯಲ್ಲಿದೆ. ನಾವು ಇಬ್ಬರು ಸಹೋದರರು. ಹಿರಿಯಣ್ಣನೊಬ್ಬ ಗಲ್ಫಿನಲ್ಲಿ ದುಡಿಯುತ್ತಿದ್ದ ಕಾಲದಲ್ಲಿ ರಜೆಗೆ ಬರುವಾಗ ಅತ್ತರ್, ಕಂಬಳಿ, ಟ್ಯಾಂಗ್ ಡಬ್ಬಿಗಳ ನಡುವೆ ಒಂದು ನಿಂಟೆಂಡೊ ಡಿಎಸ್ ಯಂತ್ರವನ್ನೂ ತಂದಿದ್ದ. ಪುಸ್ತಕದಂತೆ ಮಡಚಬಹುದಾದ, ಮೇಲೊಂದು ಕೆಳಗೊಂದು ಪರದೆಯುಳ್ಳ, ಅಂಗೈಯಗಲದ ಯಂತ್ರವದು. ಅದರೊಂದಿಗೆ ಬಂದ ಕಾರ್ಟ್ರಿಜ್‌ಗಳಲ್ಲಿ ಒಂದು ‘ಏಜ್ ಆಫ್ ಎಂಪೈರ್ಸ್: ದಿ ಏಜ್ ಆಫ್ ಕಿಂಗ್ಸ್’. ಇದೇ ಹೆಸರಿನ ಕಂಪ್ಯೂಟರ್ ಆಟ 1999ರಲ್ಲಿ ಬಂದಿತ್ತು. ಈ ಪುಟ್ಟ ಯಂತ್ರಕ್ಕಾಗಿ 2006ರಲ್ಲಿ ಅದನ್ನು ಬೇರೆಯೇ ರೀತಿಯಲ್ಲಿ ಹೆಣೆಯಲಾಯಿತು. ಕಂಪ್ಯೂಟರಿನಲ್ಲಿ ಎಲ್ಲರೂ ಒಟ್ಟಿಗೆ ಓಡುತ್ತಾರೆ, ಕೈ ಚುರುಕಾದವನು ಗೆಲ್ಲುತ್ತಾನೆ. ಇಲ್ಲಿ ಹಾಗಲ್ಲ. ಶತ್ರಂಜಿನಂತೆ ಚೌಕಗಳಿವೆ, ಸರದಿಯಿದೆ. ನಿಮ್ಮ ಸೇನೆಯನ್ನು ನಡೆಸಿ ಸರದಿ ಮುಗಿಸಿದ ಮೇಲೆಯೇ ಎದುರಾಳಿಯ ಸೇನೆ ಅಲುಗುತ್ತದೆ.

ಒಗಟಿನಷ್ಟು ನಿಧಾನವಾದ ಈ ಆಟವನ್ನು ಇಂದಿನ ಹುಡುಗರು ಮೂಸಿಯೂ ನೋಡಲಾರರೆಂದು ನಾವು ಎಣಿಸಿದ್ದೆವು. ಆದರೆ ನಮ್ಮ ತಂಗಿಯ ಮಗ, ಹನ್ನೊಂದರ ಹುಡುಗ, ಕಪಾಟಿನಿಂದ ಅದನ್ನು ಹೊರಗೆಳೆದ. ಹೊಸ ಬ್ಯಾಟರಿ ಹಾಕಿಸಿದೆವು. ಆಡುವುದನ್ನು ಅವನಿಗೆ ಕಲಿಸುವ ನೆಪದಲ್ಲಿ ನಾವೂ ಮತ್ತೆ ಕುಳಿತೆವು.

ಇದು ಸಲ್ಲುವುದೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಫತ್ವಾ ನೀಡುವ ಅರ್ಹತೆ ನಮಗಿಲ್ಲ. ಕರಾವಳಿಯ ನಾವು ಬಹುತೇಕ ಶಾಫಿಈ ಮದ್‌ಹಬ್‌ನವರು; ಶತ್ರಂಜಿನ ಕುರಿತು ಆ ಮದ್‌ಹಬ್‌ನ ವಿದ್ವಾಂಸರು ಆಡಿದ ಮಾತು ನಮಗೆ ದಾರಿ ತೋರುತ್ತದೆ. ಇತರ ಮದ್‌ಹಬ್‌ಗಳ ಬಹಳಷ್ಟು ವಿದ್ವಾಂಸರು ಅದನ್ನು ನಿಷಿದ್ಧವೆಂದರು. ಶಾಫಿಈಗಳು ಅದನ್ನು ಮೆಚ್ಚಲಿಲ್ಲ, ಆದರೆ ನಿಷಿದ್ಧದ ಸಾಲಿಗೂ ಸೇರಿಸಲಿಲ್ಲ. ಪಣವಿರಬಾರದು, ನಮಾಝಿನ ವೇಳೆ ಮೀರಬಾರದು, ನಾಲಗೆ ಕೆಡಬಾರದು ಎಂದು ಷರತ್ತು ಇಟ್ಟರು. ಆ ಷರತ್ತುಗಳಿಗೆ ಈ ಹಳೆಯ ಯಂತ್ರ ಎಷ್ಟು ಚೆನ್ನಾಗಿ ಒಗ್ಗುತ್ತದೆಯೆಂಬುದು ನಮಗೇ ಅಚ್ಚರಿ. ಮಗ್ರಿಬ್‌ನ ಅಝಾನ್ ಕೇಳಿದೊಡನೆ ಮುಚ್ಚಳ ಮಡಚಿದರಾಯಿತು, ಯಂತ್ರ ನಿದ್ದೆಗೆ ಜಾರುತ್ತದೆ. ವುಝೂ ಮಾಡಿ, ನಮಾಝ್ ಮುಗಿಸಿ, ಚಹಾ ಕುಡಿದು ಬಂದು ತೆರೆದರೆ ಎರಡೂ ಸೇನೆಗಳು ಬಿಟ್ಟಲ್ಲೇ ನಿಂತಿರುತ್ತವೆ. ಇಂದು ಮೊಬೈಲಿನಲ್ಲಿ ಎಲ್ಲೆಲ್ಲಿಯವರೊಡನೆಯೋ ಕೂಡಿ ಆಡುವ ಆಟಗಳು ಯಾರಿಗೂ ಕಾಯುವುದಿಲ್ಲ. ನಡುವೆ ಎದ್ದುಹೋದವನು ತಂಡಕ್ಕೆ ದ್ರೋಹಿಯಾಗುತ್ತಾನೆ. ಊಟಕ್ಕೆ ಕರೆದ ತಾಯಿಗೆ ‘ಐದು ನಿಮಿಷ ಉಮ್ಮಾ’ ಎಂದು ಐವತ್ತು ಸಲ ಹೇಳುವ ಮಕ್ಕಳನ್ನು ಕಂಡವರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಿಲ್ಲ.

ಈ ಕಾರ್ಟ್ರಿಜ್‌ನಲ್ಲಿ ಐವರು ನಾಯಕರ ಕಥನಗಳಿವೆ: ಫ್ರಾನ್ಸಿನ ಜೋನ್, ಮಂಗೋಲರ ಚೆಂಗೀಸ್ ಖಾನ್, ಜಪಾನಿನ ಯೋಶಿತ್ಸುನೆ, ಇಂಗ್ಲೆಂಡಿನ ದೊರೆ ರಿಚರ್ಡ್, ಹಾಗೂ ಸುಲ್ತಾನ್ ಸಲಾಹುದ್ದೀನ್ ಅಯ್ಯೂಬಿ(ರ). ಕೊನೆಯ ಹೆಸರನ್ನು ಕಂಡಾಗ ನಮ್ಮ ಹುಡುಗನ ಕಣ್ಣುಗಳು ಅರಳಿದವು. ಮುಸ್ಲಿಮನೊಬ್ಬನು ಆಟದಲ್ಲಿ ಗುರಿಯಾಗದೆ ನಾಯಕನಾಗಿರುವುದನ್ನು ಅವನು ಕಂಡದ್ದು ಕಡಿಮೆ. ಆ ಹಿಗ್ಗನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಆಟ ಮುಂದುವರಿದಂತೆ, ಪರದೆಯ ಮೇಲಿನ ಕುದುರೆ ಸವಾರನಿಗೂ ನಾವು ಓದಿ ತಿಳಿದ ಸಲಾಹುದ್ದೀನರಿಗೂ ಇರುವ ಅಂತರ ಕಾಣತೊಡಗಿತು.

ಈ ಆಟದಲ್ಲಿ ಲೆಕ್ಕಕ್ಕೆ ಬರುವ ಸಂಪತ್ತು ಎರಡೇ: ಆಹಾರ ಮತ್ತು ಚಿನ್ನ. ರೈತರು ಇವೆರಡನ್ನು ಒದಗಿಸುತ್ತಾರೆ, ಇವುಗಳಿಂದ ಸೈನಿಕರು ಹುಟ್ಟುತ್ತಾರೆ. ನೀರಿನ ಲೆಕ್ಕವೇ ಇಲ್ಲ. 1187ರ ಜುಲೈ 4ರಂದು ಹಿತ್ತೀನ್‌ನಲ್ಲಿ ನಿರ್ಣಾಯಕವಾದದ್ದಾದರೋ ನೀರೇ. ಸಫ್ಫೂರಿಯದ ಚಿಲುಮೆಗಳನ್ನು ಬಿಟ್ಟು ತಬರಿಯ್ಯಾದ ಕಡೆಗೆ ಬೇಸಗೆಯ ಬಿಸಿಲಲ್ಲಿ ಹೊರಟ ಶಿಲುಬೆ ಸೇನೆ ದಾರಿಯಲ್ಲೇ ಬಾಯಾರಿ ಬಳಲಿತು. ಸುಲ್ತಾನರ ಪಡೆ ಅವರನ್ನು ನೀರಿನಿಂದ ದೂರವಿಟ್ಟು ಒಣಹುಲ್ಲಿಗೆ ಬೆಂಕಿಯಿಟ್ಟಿತು. ಸರೋವರ ಕಣ್ಣಿಗೆ ಕಾಣುತ್ತಿತ್ತು, ಕೈಗೆ ಸಿಗಲಿಲ್ಲ. ಸೆರೆಸಿಕ್ಕ ದೊರೆ ಗೀಯನ್ನು ಡೇರೆಗೆ ಕರೆತಂದಾಗ ಸುಲ್ತಾನರು ಅವನಿಗೆ ಮೊದಲು ಕೊಟ್ಟದ್ದೂ ತಣ್ಣನೆಯ ನೀರನ್ನೇ. ನೀರು ಕುಡಿಸಿದ ಮೇಲೆ ಅತಿಥಿ, ಅತಿಥಿಯ ಪ್ರಾಣಕ್ಕೆ ಭಯವಿಲ್ಲ ಎಂಬುದು ಅರಬರ ರೂಢಿ. ಗೀ ಆ ಬಟ್ಟಲನ್ನು ಪಕ್ಕದಲ್ಲಿದ್ದ ರೆಜಿನಾಲ್ಡನಿಗೆ ದಾಟಿಸಿದಾಗ, ಅವನಿಗೆ ಕೊಟ್ಟವನು ನೀನು, ನಾನಲ್ಲ ಎಂಬರ್ಥದ ಮಾತನ್ನು ಸುಲ್ತಾನರು ಆಡಿದರು. ಒಪ್ಪಂದವಿರುವಾಗಲೇ ಯಾತ್ರಿಕರ ಹಾಗೂ ವ್ಯಾಪಾರಿಗಳ ತಂಡಗಳನ್ನು ದೋಚಿದ್ದ ರೆಜಿನಾಲ್ಡನಿಗೆ ಕ್ಷಮೆ ಸಿಗಲಿಲ್ಲ. ಸೆರೆಸಿಕ್ಕ ಟೆಂಪ್ಲರ್ ಹಾಗೂ ಹಾಸ್ಪಿಟಲರ್ ಯೋಧರಿಗೂ ಸಿಗಲಿಲ್ಲ; ಅವರನ್ನು ಕೊಲ್ಲಿಸಲಾಯಿತು. ಇದನ್ನು ಮುಚ್ಚಿಟ್ಟು ಸುಲ್ತಾನರ ಗುಣಗಾನ ಮಾಡುವವರು ನಮ್ಮಲ್ಲಿದ್ದಾರೆ. ಅದರ ಅಗತ್ಯ ನಮಗೆ ಕಾಣದು.

ಅದೇ ವರ್ಷದ ಅಕ್ಟೋಬರ್ 2ರಂದು ಬೈತುಲ್ ಮುಖದ್ದಸ್ ಶರಣಾಯಿತು. 88 ವರ್ಷಗಳ ಹಿಂದೆ, 1099ರಲ್ಲಿ, ಶಿಲುಬೆ ಯೋಧರು ಆ ನಗರವನ್ನು ಹೊಕ್ಕಾಗ ಮುಸ್ಲಿಮರನ್ನೂ ಯಹೂದಿಯರನ್ನೂ ಹೆಂಗಸರು ಮಕ್ಕಳೆನ್ನದೆ ಕೊಂದಿದ್ದರು. ಈ ಸಲ ಅಂಥದ್ದೇನೂ ನಡೆಯಲಿಲ್ಲ. ಗಂಡಸಿಗೆ 10 ದೀನಾರ್, ಹೆಂಗಸಿಗೆ 5, ಮಗುವಿಗೆ ಅದಕ್ಕೂ ಕಡಿಮೆ; ಕಟ್ಟಲು 40 ದಿನಗಳ ಅವಧಿ; ಕಟ್ಟಿದವರಿಗೆ ಸುರಕ್ಷಿತ ದಾರಿ. ಕಟ್ಟಲಾರದ ಬಡವರು ಸಾವಿರಾರು ಮಂದಿ ಉಳಿದರು. ಸುಲ್ತಾನರ ತಮ್ಮ ಅಲ್-ಆದಿಲ್ ಸಾವಿರ ಮಂದಿಯನ್ನು ತನಗಾಗಿ ಕೇಳಿ ಪಡೆದು ಅಲ್ಲೇ ಬಿಡುಗಡೆ ಮಾಡಿದರು. ಸುಲ್ತಾನರು ಸ್ವತಃ ಮುದುಕರನ್ನೂ ವಿಧವೆಯರನ್ನೂ ಹಾಗೆಯೇ ಕಳುಹಿಸಿಕೊಟ್ಟರು. ಆದರೂ ಎಲ್ಲರಿಗೂ ಬಿಡುಗಡೆ ಸಿಗಲಿಲ್ಲ, ಸಾವಿರಾರು ಜನ ಗುಲಾಮರಾದರು.

ಈ ಕಥೆಯನ್ನು ಹುಡುಗನಿಗೆ ಹೇಳಿದ್ದೆವು. ಹಾಗಾಗಿ ಪರದೆಯ ಮೇಲೆ ತನ್ನ ಸವಾರರು ವೈರಿಯ ಕೊನೆಯ ಬಿಲ್ಲುಗಾರನನ್ನು ಸುತ್ತುವರಿದಾಗ ಅವನು ಸ್ಟೈಲಸ್ ಕಡ್ಡಿಯನ್ನು ಗಾಳಿಯಲ್ಲೇ ಹಿಡಿದು ಕೇಳಿದ: “ಮಾಮ, ಇವನನ್ನು ಬಿಟ್ಟುಬಿಡುವುದು ಹೇಗೆ? ಯಾವುದನ್ನು ಒತ್ತಬೇಕು?”

ನಾವು ಎಲ್ಲವನ್ನೂ ತಡಕಿದೆವು. ನಡೆಯುವುದಕ್ಕಿದೆ, ಹೊಡೆಯುವುದಕ್ಕಿದೆ, ಕಟ್ಟುವುದಕ್ಕಿದೆ, ಸುಮ್ಮನೆ ನಿಲ್ಲುವುದಕ್ಕೂ ಇದೆ. ಶರಣು ಬಾ ಎನ್ನುವುದಕ್ಕಿಲ್ಲ. ಹೋಗು ಎನ್ನುವುದಕ್ಕೂ ಇಲ್ಲ. ಸಲಾಹುದ್ದೀನರು ಯಾವ ಗುಣದಿಂದಾಗಿ ಶತ್ರುಗಳ ಇತಿಹಾಸಗಳಲ್ಲೂ ಗೌರವದ ಸ್ಥಾನ ಪಡೆದರೋ, ಅದರಿಂದಾಗಿಯೇ ಈ ಆಟದಲ್ಲೂ ಅವರಿಗೊಂದು ಕಥನ ಸಿಕ್ಕಿತೋ, ಆ ಗುಣಕ್ಕೆ ಈ ಆಟದಲ್ಲಿ ಜಾಗವಿಲ್ಲ. ಸೆರೆಯಾಳುಗಳನ್ನು ಔದಾರ್ಯದಿಂದಲೋ ಪರಿಹಾರ ಪಡೆದೋ ಬಿಡುವ ಬಗ್ಗೆ ಖುರ್‌ಆನಿನ ‘ಮುಹಮ್ಮದ್’ ಅಧ್ಯಾಯದ ನಾಲ್ಕನೆಯ ವಚನ ಹೇಳುತ್ತದೆ. ಮಕ್ಕಾ ವಿಜಯದ ದಿನ ಪ್ರವಾದಿ ಮುಹಮ್ಮದ್(ಸ)ರು ತಮ್ಮನ್ನು ಊರು ಬಿಡಿಸಿದವರಿಗೇ ಕ್ಷಮೆ ಘೋಷಿಸಿದ್ದನ್ನು ನಮ್ಮ ಮದ್ರಸಗಳಲ್ಲಿ ಎಳೆಯ ಮಕ್ಕಳೂ ಕಲಿಯುತ್ತಾರೆ. ಹುಡುಗನ ಕೈ ತಡೆದದ್ದು ಆ ಕಲಿಕೆಯೇ ಇರಬೇಕು.

ಹಾಗಾದರೆ ಆಟ ರಚಿಸಿದವರು ಕ್ಷಮೆಗೂ ಒಂದು ಗುಂಡಿ ಇಟ್ಟು, ಒತ್ತಿದವರಿಗೆ ಒಂದಿಷ್ಟು ಅಂಕ ಕೊಡಬೇಕಿತ್ತೇ? ನಾವಿಬ್ಬರೂ ಈ ಬಗ್ಗೆ ಬಹಳ ಹೊತ್ತು ವಾದಿಸಿದೆವು. ಕಿರಿಯನು ಹೌದೆಂದ. ಹಿರಿಯನು ಒಪ್ಪಲಿಲ್ಲ; ಕೊನೆಗೆ ಇತಿಹಾಸವು ಹಿರಿಯನ ಪಕ್ಷವನ್ನೇ ವಹಿಸಿತು. ಏಕೆಂದರೆ ಸಲಾಹುದ್ದೀನರ ಔದಾರ್ಯ ಅವರಿಗೆ ಲಾಭ ತರಲಿಲ್ಲ. ಒಂದೊಂದಾಗಿ ಕೋಟೆಗಳನ್ನು ಗೆದ್ದು, ಅಲ್ಲಿದ್ದವರಿಗೆ ಪ್ರಾಣದಾನ ನೀಡಿ ಕಳುಹಿಸಿದಾಗ ಅವರಲ್ಲಿ ಬಹಳ ಮಂದಿ ಸೂರ್ ಪಟ್ಟಣದಲ್ಲಿ ನೆರೆದರು. ಆ ಪಟ್ಟಣವನ್ನು ಸುಲ್ತಾನರು ಕೊನೆಗೂ ಗೆಲ್ಲಲಾರದೆ ಹೋದರು. ಇತಿಹಾಸಕಾರ ಇಬ್ನುಲ್ ಅಸೀರ್ ಇದಕ್ಕಾಗಿ ಅವರನ್ನು ನೇರವಾಗಿಯೇ ದೂಷಿಸಿದ್ದಾರೆ. ಇನ್ನು ತಣ್ಣೀರು ಕುಡಿದ ದೊರೆ ಗೀ? ಮತ್ತೆಂದೂ ಆಯುಧ ಹಿಡಿಯೆನೆಂದು ಆಣೆಯಿಟ್ಟು 1188ರಲ್ಲಿ ಬಿಡುಗಡೆಯಾದ ಅವನು ಮರುವರ್ಷವೇ ಅಕ್ಕಾ ನಗರಕ್ಕೆ ಮುತ್ತಿಗೆ ಹಾಕಿದ. ಎರಡು ವರ್ಷಗಳ ಆ ಮುತ್ತಿಗೆಯೇ ರಿಚರ್ಡನನ್ನು ಬರಮಾಡಿಕೊಂಡಿತು. ಆಟದ ಲೆಕ್ಕದಲ್ಲಿ ನೋಡಿದರೆ ಗೀಯನ್ನು ಬಿಟ್ಟದ್ದು ಕೆಟ್ಟ ನಡೆ. ಅಂಕ ಸಿಗುತ್ತದೆಂದು ಒತ್ತುವ ಗುಂಡಿಯನ್ನು ಔದಾರ್ಯವೆನ್ನುವುದಾದರೆ, ಅದಕ್ಕಿಂತ ಗುಂಡಿಯೇ ಇಲ್ಲದಿರುವುದು ಹೆಚ್ಚು ಪ್ರಾಮಾಣಿಕ.

ರಿಚರ್ಡನ ಕಥನವನ್ನೂ ನಾವು ಆಡಿದೆವು. ನಿನ್ನೆಯವರೆಗೆ ನಮ್ಮದಾಗಿದ್ದ ಸೇನೆಗೆ ಇಂದು ನಾವೇ ಶತ್ರುಗಳು. ಹುಡುಗನಿಗೆ ಮೊದಲು ಮನಸ್ಸು ಒಪ್ಪಲಿಲ್ಲ, ಆಮೇಲೆ ಗೆಲ್ಲುವ ಹುರುಪು ಬಂತು. 1191ರ ಆಗಸ್ಟ್ 20ರಂದು ಅಕ್ಕಾದ ಹೊರಗೆ ರಿಚರ್ಡನು ಸುಮಾರು 2,700 ಸೆರೆಯಾಳುಗಳನ್ನು ಕೊಲ್ಲಿಸಿದ. ಅದೇ ರಿಚರ್ಡನು ಕಾಯಿಲೆ ಬಿದ್ದು ಹಣ್ಣುಗಳನ್ನೂ ಹಿಮವನ್ನೂ ಬಯಸಿದಾಗ ಸುಲ್ತಾನರು ಅವನ್ನು ಕಳುಹಿಸಿಕೊಟ್ಟರು. ಇಬ್ಬರೂ ಒಮ್ಮೆಯೂ ಮುಖಾಮುಖಿ ಭೇಟಿಯಾಗಲಿಲ್ಲ. 1192ರ ಸೆಪ್ಟೆಂಬರಿನ ಯಾಫಾ ಒಪ್ಪಂದದಂತೆ ಬೈತುಲ್ ಮುಖದ್ದಸ್ ಮುಸ್ಲಿಮರಲ್ಲೇ ಉಳಿಯಿತು. ನಿರಾಯುಧ ಕ್ರೈಸ್ತ ಯಾತ್ರಿಕರಿಗೆ ದಾರಿ ತೆರೆಯಿತು. ಆಟದಲ್ಲಾದರೋ ಒಂದು ಪಕ್ಷ ಸೋಲದೆ ಮುಕ್ತಾಯವಿಲ್ಲ. ಚೆಂಗೀಸ್ ಖಾನನ ಕಥನವನ್ನು ಮಾತ್ರ ನಾವು ಅರ್ಧಕ್ಕೇ ಬಿಟ್ಟೆವು. 1220ರಲ್ಲಿ ಬುಖಾರಾಕ್ಕೆ ಒದಗಿದ ಗತಿಯನ್ನು ಓದಿದ ಮೇಲೆ ಆ ಕುದುರೆಗಳನ್ನು ನಡೆಸಲು ಕೈ ಬರಲಿಲ್ಲ. ಇದು ತರ್ಕಬದ್ಧವೇ ಎಂದರೆ, ಅಲ್ಲ. ರಿಚರ್ಡನಾಗಬಹುದಾದರೆ ಚೆಂಗೀಸನೇಕೆ ಆಗಬಾರದು? ಆದರೂ ಬಿಟ್ಟೆವು.

ಸುಲ್ತಾನರ ಸೇವೆಯಲ್ಲಿದ್ದ ಬಹಾಉದ್ದೀನ್ ಇಬ್ನ್ ಶದ್ದಾದ್ ತಾವು ಕಂಡ ಒಂದು ಘಟನೆಯನ್ನು ಬರೆದಿದ್ದಾರೆ. ಕಳ್ಳರು ಫ್ರಾಂಕರ ಪಾಳೆಯದಿಂದ ಎಳೆಗೂಸೊಂದನ್ನು ಕದ್ದು ತಂದಿದ್ದರು. ತಾಯಿ ಅಳುತ್ತ ಸುಲ್ತಾನರ ಬಳಿಗೇ ಬಂದಳು. ಕೂಸು ಆಗಲೇ ಸಂತೆಯಲ್ಲಿ ಮಾರಾಟವಾಗಿತ್ತು. ಸುಲ್ತಾನರು ಹುಡುಕಿಸಿ, ಕೊಂಡವನಿಗೆ ಹಣ ಕೊಟ್ಟು, ಕೂಸನ್ನು ತಾಯಿಯ ಮಡಿಲಿಗೆ ಸೇರಿಸಿ ಅವಳನ್ನು ಅವಳ ಪಾಳೆಯಕ್ಕೆ ಕಳುಹಿಸಿದರು. 1193ರ ಮಾರ್ಚ್ 4ರಂದು ದಮಾಸ್ಕಸ್‌ನಲ್ಲಿ ಅವರು ತೀರಿಕೊಂಡಾಗ ಅವರ ಖಜಾನೆಯಲ್ಲಿ 47 ದಿರ್ಹಮ್ ಹಾಗೂ ಒಂದೇ ಒಂದು ಚಿನ್ನದ ನಾಣ್ಯವಿತ್ತೆಂದು ಬರೆದವರೂ ಅವರೇ. ನಮ್ಮ ಹುಡುಗ ಒಂದು ಹಂತ ಮುಗಿಸುವಷ್ಟರಲ್ಲಿ ಕೂಡಿಡುವ ಚಿನ್ನ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು!

ಈ ಯಂತ್ರದಲ್ಲಿ ಒಂದೇ ಕಾರ್ಟ್ರಿಜ್‌ನಿಂದ ಕೈಯಿಂದ ಕೈಗೆ ದಾಟಿಸುತ್ತ ಇಬ್ಬರು ಎದುರುಬದುರಾಗಿ ಆಡಬಹುದು. ಈಗ ನಾವಿಬ್ಬರೂ ಒಂದು ಪಕ್ಷ, ಹುಡುಗನೊಂದು ಪಕ್ಷ. ಅವನೇ ಒಂದು ನಿಯಮ ತಂದಿದ್ದಾನೆ: ಬಲವೆಲ್ಲ ಉಡುಗಿದ ಒಂಟಿ ಸೈನಿಕನನ್ನು ಹೊಡೆಯುವಂತಿಲ್ಲ, ಹಿಂದೆ ಸರಿಯಲು ದಾರಿ ಬಿಡಬೇಕು. ಕಂಪ್ಯೂಟರಿನೊಡನೆ ಆಡುವಾಗಲೂ ಹೀಗೆ ಬಿಟ್ಟು ಎರಡು ಸಲ ಸೋತಿದ್ದಾನೆ. ಮೊನ್ನೆ ಅಸರ್ ನಮಾಝಿನ ನಂತರ ನಮ್ಮ ಬಿಲ್ಲುಗಾರನೊಬ್ಬನನ್ನು ಹಾಗೆಯೇ ಬಿಟ್ಟ. ನಾವು ಅವನಿಗೆ ಚಿಕಿತ್ಸೆ ಕೊಡಿಸಿ, ಮೂರನೆಯ ಸರದಿಗೆ ಮರಳಿ ಕರೆತಂದು, ಹುಡುಗನ ಗಣಿಯ ಬಳಿಯಿದ್ದ ರೈತನನ್ನು ಬೀಳಿಸಿದೆವು. ಬಿಡಬೇಕೆಂಬ ನಿಯಮವಿತ್ತೇ ಹೊರತು ಮರಳಬಾರದೆಂಬ ನಿಯಮವೇನೂ ಇರಲಿಲ್ಲ. ಯಂತ್ರವನ್ನು ಅವನ ಕೈಗಿತ್ತು ಏನು ಹೇಳುವನೋ ಎಂದು ಕಾದೆವು. ಅವನು ಪರದೆಯನ್ನು ಬಹಳ ಹೊತ್ತು ನೋಡಿದ. ಆ ಬಿಲ್ಲುಗಾರನನ್ನು ಗುರುತಿಸಿದನೆಂಬುದು ಅವನ ಮುಖದಲ್ಲಿ ಕಾಣುತ್ತಿತ್ತು. ತನ್ನ ಸವಾರರನ್ನು ಬೇರೆ ಕಡೆಗೆ ನಡೆಸಿ, ಹೊಸದೊಬ್ಬ ರೈತನನ್ನು ಹುಟ್ಟಿಸಿ, ಯಂತ್ರವನ್ನು ನಮ್ಮತ್ತ ಚಾಚಿದ. “ನಿಮ್ಮ ಸರದಿ, ಮಾಮ.”