ಎಪ್ಪತ್ತು ದಿನದ ಬೆಳಿ, ಐವತ್ತು ದಿನದ ಉದ್ರಿ

ಧಾರವಾಡ

ತಮ್ಮಾ,

ಮಗಳ ನರ್ಸಿಂಗ್ ಸಾಲಕ್ಕ ಸಿಬಿಲ್ ಸ್ಕೋರ್ ಸುಧಾರಿಸಾಕ ಅಂತ ನೀ ವಾಟ್ಸಾಪಿನ್ಯಾಗ ಕಳಿಸಿದ ಕ್ರೆಡಿಟ್ ಕಾರ್ಡಿನ ಫಾರ್ಮು ನೋಡಿದೆ. ಫೋನಿನ್ಯಾಗ ಹೇಳಿದ್ರ "ಹೂಂ ಅಕ್ಕಾ" ಅಂದು ಮರುದಿನ ಮರತಬಿಡತಿ, ಅದಕ್ಕ ಕಾಗದ ಬರ್ಯಾಕ ಕುಂತೇನಿ. ಮಗಳ ಕೈಲೆ ಎರಡ ಸರತೆ ಓದಿಸು. ಅಲ್ಲಿತನಕ ಆ ಏಜೆಂಟಗ ಸಹಿ ಕೊಡಬ್ಯಾಡ. ಒಟಿಪಿ ಅಂತೂ ಹೇಳಲೇ ಬ್ಯಾಡ.

ಅಂವ ಹೇಳಿದ್ದರೊಳಗ ಅರ್ಧ ಖರೆ ಐತಿ. ಕಾರ್ಡು ತೊಗೊಂಡು ತಿಂಗಳಾ ಹೊತ್ತಿಗೆ ಸರಿಯಾಗಿ ಕಟ್ಟಿಕೋತ ಹೋದ್ರ ಕೆಟ್ಟ ಸಿಬಿಲ್ ಸಾವಕಾಶ ಸುಧಾರಿಸತೈತಿ. ಆದ್ರ "ಬಡ್ಡಿ ಎಷ್ಟ ಕಟ್ಟತೀರೋ ಅಷ್ಟ ಸ್ಕೋರ್ ಏರತೈತಿ" ಅಂತ ಅಂದಾನಲ್ಲ, ಅದು ಶುದ್ಧ ಸುಳ್ಳು. ಒಂದ ರೂಪಾಯಿ ಬಡ್ಡಿ ಕಟ್ಟದ, ಬಿಲ್ಲು ಪೂರಾ ಚುಕ್ತಾ ಮಾಡಿದವಗೂ ಅಲ್ಲಿ ಒಳ್ಳೆ ಗುರುತ ಬೀಳತೈತಿ. ಬಡ್ಡಿ ಕಟ್ಟಿದ್ದು ಬ್ಯಾಂಕಿನ ಲಾಭ, ನಿನ್ನ ಪತ್ತಿಗೆ ಅದರಿಂದ ಏನೂ ಸೇರಂಗಿಲ್ಲ. ಇದನ್ನ ಯಾವ ಏಜೆಂಟನೂ ಹೇಳಂಗಿಲ್ಲ, ಹೇಳಿದ್ರ ಅವನ ಹೊಟ್ಟಿ ತುಂಬಂಗಿಲ್ಲ.

ನಿನಗ ಗೊತ್ತಲ್ಲ, ಗ್ರಾಮೀಣ ಬ್ಯಾಂಕಿನ ಕೌಂಟರಿನ್ಯಾಗ ಕುಂತು ಕೂದಲ ಬೆಳ್ಳಗ ಮಾಡಿಕೊಂಡಾಕಿ ನಾ. ಸೇರಿದಾಗ ಮಲಪ್ರಭಾ ಗ್ರಾಮೀಣ ಬ್ಯಾಂಕು. 2005ರಾಗ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು ಅಂತ ಬೋರ್ಡ ಬದಲಾತು. ಈಗ 2025ರ ಮೇ ತಿಂಗಳಿಂದ ಕರ್ನಾಟಕ ಗ್ರಾಮೀಣ ಬ್ಯಾಂಕು, ಹೆಡ್ ಆಫೀಸು ಬಳ್ಳಾರಿಗೆ ಹೋತು. ಬೋರ್ಡ ಏನರ ಇರಲಿ, ಪಾಸಬುಕ್ಕ ಹಿಡಕೊಂಡು ಬರೋ ಮಂದಿ ಅವರ. ಮದಲ ಮ್ಯಾನೇಜರ್ ಸಾಹೇಬರು ಜಮೀನ ಉತಾರ ನೋಡತಿದ್ರು, ಮನಷ್ಯಾನ ಮಾರಿ ನೋಡತಿದ್ರು, "ಇವರಪ್ಪ ಹ್ಯಾಂಗ ಕಟ್ಟತಿದ್ದ?" ಅಂತ ಜವಾನನ್ನ ಕೇಳತಿದ್ರು. ಈಗ ಪ್ಯಾನ್ ನಂಬರ್ ಒತ್ತಿದ್ರ 300ರಿಂದ 900ರ ಒಳಗಿನ ಒಂದ ಸಿಬಿಲ್ ಅಂಕಿ ಬರತೈತಿ, ಮಾತು ಅಲ್ಲಿಗೇ ಮುಗೀತು.

ಈ ಸಿಬಿಲ್ ಸರ್ಕಾರದ ಆಫೀಸು ಅಂತ ಊರಾಗ ಭಾಳ ಮಂದಿ ತಿಳಕೊಂಡಾರ. ಅಲ್ಲ. 2000ನೇ ಇಸವಿಯೊಳಗ ಹುಟ್ಟಿದ ಕಂಪನಿ ಅದು. ಇಂಥವು ದೇಶದಾಗ ನಾಕ ಅದಾವ, ರಿಸರ್ವ್ ಬ್ಯಾಂಕಿನ ಕೈಕೆಳಗ ನಡೀತಾವ. ಸಾಲ ಕೊಟ್ಟವರೆಲ್ಲಾ ಯಾರು ಎಷ್ಟ ಕಟ್ಟಿದ್ರು, ಎಷ್ಟ ದಿನ ತಡಾ ಮಾಡಿದ್ರು ಅಂತ ಅಲ್ಲಿಗೆ ಬರದ ಕಳಸತಾರ. 2025ರ ಜನವರಿಯಿಂದ ಹದಿನೈದ ದಿನಕ್ಕೊಮ್ಮೆ ಕಳಸಬೇಕು ಅಂತ ನಿಯಮ ಬಂತು. ರಿಪೋರ್ಟು ತೆಗಸಿದ್ರ ಒಂದೊಂದು ಸಾಲಕ್ಕೂ ಹಿಂದಿನ 36 ತಿಂಗಳದು ಸಾಲಾಗಿ ಚೌಕ ಕಾಣತಾವ, ಚೌಕದಾಗ ತಡಾ ಆದ ದಿನದ ಲೆಕ್ಕ ಇರತೈತಿ.

ಆ ಚೌಕದಾಗ ಕಾರಣ ಬರ್ಯಾಕ ಜಾಗಾ ಇಲ್ಲ, ನನ್ನ ಸಿಟ್ಟೆಲ್ಲಾ ಅದರ ಮ್ಯಾಲೆ. 2019ರ ಆಗಸ್ಟಿನ್ಯಾಗ ಬೆಣ್ಣಿಹಳ್ಳ ಉಕ್ಕಿ ನಿನ್ನ ಹೊಲದಾಗ ನಿಂತಿದ್ದು ಅಲ್ಲಿ ಇಲ್ಲ. ಹೆಸರು ಕೊಳತಿದ್ದು ಇಲ್ಲ, ಟ್ರ್ಯಾಕ್ಟರಿನ ಕಂತು ತಪ್ಪಿದ್ದು ಮಾತ್ರ ಐತಿ. ನೀರಿನ ಕರಾ ಕಟ್ಟಂಗಿಲ್ಲ ಅಂತ ಎದ್ದು ನಿಂತು, 1980ರ ಜುಲೈ 21ಕ್ಕ ಗೋಲಿಬಾರ್ ಕಂಡ ನವಲಗುಂದ ನಮ್ಮದು. ಅವತ್ತ ಯಾಕ ಕಟ್ಟಂಗಿಲ್ಲ ಅಂತ ಮಂದಿ ಕೂಡಿ ಕೂಗಿ ಹೇಳಿದ್ರು, ಸರ್ಕಾರ ಕೇಳಬೇಕಾತು. ಇವತ್ತ ಕಂಪ್ಯೂಟರಿಗೆ ಹೇಳೋರ್ಯಾರು? ಮದಲ ಹಿಂಗಿರಲಿಲ್ಲ. ಗದಗ ಕಡೆ ಕಣಗಿನಹಾಳದಾಗ 1905ರಾಗ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲನೇ ಸಹಕಾರಿ ಪತ್ತಿನ ಸಂಘ ಕಟ್ಟಿದ್ರು. ಅಲ್ಲಿ ಸಾಲ ಕೇಳಾಕ ಬಂದವನ ಹೊಲದ ಬದುವು, ಮನಿ ಅಡಚಣಿ, ಎರಡೂ ಸಂಘದವರಿಗೆ ಗೊತ್ತಿರತಿತ್ತು. ಹಂಗಂತ ಹಳೇದೆಲ್ಲಾ ಬಂಗಾರ ಅಂತ ನಾ ಅನ್ನಂಗಿಲ್ಲ. ಗೊತ್ತಿದ್ದವರಿಗಷ್ಟ ಸಾಲ, ಕೇರಿ ನೋಡಿ ಸಾಲ ಅನ್ನೋದನ್ನೂ ನಾ ಕಂಡೇನಿ. ಕಂಪ್ಯೂಟರ್ ಕುಲಾ ಕೇಳಂಗಿಲ್ಲ, ಅಷ್ಟ ಸಮಾಧಾನ.

ಈಗ ಕಾರ್ಡಿನ ಮಾತು. ಫಾರ್ಮಿನ ತಳದಾಗ ಸಣ್ಣ ಅಕ್ಷರದಾಗ ತಿಂಗಳಿಗೆ ನೂರಕ್ಕ 3.5 ಅಂತ ಐತಿ. ನಮ್ಮ ಊರ ಲೆಕ್ಕದಾಗ ಮೂರೂವರಿ ರೂಪಾಯಿ ಬಡ್ಡಿ. ಅದರ ಮ್ಯಾಲೆ 18 ಪರಸೆಂಟ್ ಜಿಎಸ್‌ಟಿ ಕೂಡಿಸಿದ್ರ ನಾಕ ರೂಪಾಯಿ ದಾಟತೈತಿ. ಮೂರ ರೂಪಾಯಿ ಬಡ್ಡಿಗೆ ಕೊಡಾಂವನ್ನ ಓಣಿ ಮಂದಿ ಬೈತಾರ, ಇದನ್ನ ಮಾತ್ರ ಚಂದನ ಕಾರ್ಡು ಅಂತ ಕಿಸೆದಾಗ ಇಟಗೊಳ್ಳತಾರ. ಮದಲ ಗ್ರಾಹಕರ ಆಯೋಗ 2008ರಾಗ, ಕಾರ್ಡಿಗೆ ವರ್ಷಕ್ಕ ನೂರಕ್ಕ 30ರಕಿಂತ ಹೆಚ್ಚ ಬಡ್ಡಿ ಹಾಕೋದು ಅನ್ಯಾಯ ಅಂದಿತ್ತು. 2024ರ ಡಿಸೆಂಬರ್ 20ಕ್ಕ ಸುಪ್ರೀಂ ಕೋರ್ಟು ಆ ತೀರ್ಪ ರದ್ದ ಮಾಡೇತಿ. ಕಾನೂನು ಕಾಯತೈತಿ ಅಂತ ಕುಂಡ್ರಬ್ಯಾಡ.

"ಕನಿಷ್ಠ ಮೊತ್ತ ಕಟ್ಟಿದ್ರ ಸಾಕ್ರಿ" ಅಂತಾರಲ್ಲ, ಅದರ ಲೆಕ್ಕ ಮಾಡಿ ನೋಡು. 10,000 ರೂಪಾಯಿ ಬಾಕಿ ಇಟಗೊಂಡು 500 ಕಟ್ಟಿದಿ ಅನ್ನು. ಬಡ್ಡಿ 350, ಅದರ ಜಿಎಸ್‌ಟಿ 63. ಅಸಲಿಗೆ ಹೋದದ್ದು 87 ರೂಪಾಯಿ. ಸೊಸಾಯಿಟಿಯೊಳಗ 5 ಲಕ್ಷದತನಕ ಬೆಳಿಸಾಲಕ್ಕ ಹೊತ್ತಿಗೆ ಕಟ್ಟಿದವಗ ಬಡ್ಡೀನ ಇಲ್ಲ. ಬ್ಯಾಂಕಿನ ಕಿಸಾನ್ ಕಾರ್ಡಿನ್ಯಾಗ 3 ಲಕ್ಷದತನಕ ಹೊತ್ತಿಗೆ ಸರಿಯಾಗಿ ಕಟ್ಟಿದವಗ ನೂರಕ್ಕ ನಾಕರಂಗ ಬೀಳತೈತಿ ವರ್ಷಕ್ಕ. ಆ ರೂಢಿ ಇದ್ದಾಂವ ಈ ಕಾರ್ಡಿನ ಮ್ಯಾಲೆ ಬೀಜ ಗೊಬ್ಬರ ತಂದ ಅಂದ್ರ ಏನಾಗತೈತಿ?

ಅದನ್ನ ಹೇಳಾಕ ಇಷ್ಟೆಲ್ಲಾ ಬರದೆ. ಕಾರ್ಡು ಪಗಾರದ ಮಂದಿ ಕ್ಯಾಲೆಂಡರಿಗೆ ಹೊಂದೋ ಹಂಗ ಮಾಡಿದ್ದು. ನಿನ್ನ ಕ್ಯಾಲೆಂಡರ್ ಮುಂಗಾರಿ, ಹಿಂಗಾರಿ. ಕಾರ್ಡಿನ್ಯಾಗ ಬಡ್ಡಿ ಇಲ್ಲದ ದಿನ ಭಾಳಂದ್ರ 50. ಬಿಲ್ಲು ತಯಾರಾಗೋ ಹಿಂದಿನ ದಿನ ಖರೀದಿ ಮಾಡಿದ್ರ ಸುಮಾರ 20 ದಿನ ಅಷ್ಟ ಸಿಗತಾವ. ಹೆಸರು ಬಿತ್ತಿದ್ರ ಬಿಡಿಸಾಕ 70 ದಿನ ಬೇಕು. ಕಡ್ಲಿಗೆ 100. ಕಲಘಟಗಿ ಚಿಗವ್ವನ ಮನಿ ಗೋವಿನಜೋಳ 110 ದಾಟತೈತಿ. ಕುಂದಗೋಳ ಕಡೆ ಮೆಣಸಿನಕಾಯಿ, ಹತ್ತಿ ಹಾಕಿದವ ಆರು ತಿಂಗಳ ಕಾಯಬೇಕು. ಅದಾದ ಮ್ಯಾಲೂ ಅಡತಿ ಅಂಗಡಿಯಿಂದ ಪಟ್ಟಿ ಬಂದು ರೊಕ್ಕ ಕೈಗೆ ಹತ್ತಬೇಕಲ್ಲ. ಜೂನಿನ್ಯಾಗ ಕಾರ್ಡು ತಿಕ್ಕಿ ಗೊಬ್ಬರ ತಂದ್ರ, ಹೆಸರು ಹೂವಾಗೋ ಹೊತ್ತಿಗೆ ಬಿಲ್ಲು ಬಾಗಿಲಿಗೆ ಬಂದಿರತೈತಿ.

ಇದು ನಾ ಕಟ್ಟಿ ಹೇಳೋ ಮಾತಲ್ಲ. ರಿಸರ್ವ್ ಬ್ಯಾಂಕು ತಾನ ಎರಡಕ್ಕೂ ಬ್ಯಾರೆ ಬ್ಯಾರೆ ಅಳತಿ ಇಟ್ಟೈತಿ. ಹೆಸರು, ಕಡ್ಲಿಯಂಥ ಕಡಿಮಿ ದಿನದ ಬೆಳಿ ಮ್ಯಾಲಿನ ಸಾಲ ಕೆಟ್ಟಿತು ಅನ್ನಬೇಕಂದ್ರ ಕಂತಿನ ದಿನ ದಾಟಿ ಎರಡು ಹಂಗಾಮ ಹೋಗಬೇಕು. ಕಾರ್ಡಿನ ಬಾಕಿಗೆ 90 ದಿನ ಅಷ್ಟ. ಅದಕ್ಕೂ ಮದಲ, ಕಟ್ಟೋ ದಿನ ದಾಟಿ ಮೂರು ದಿನಾನೂ ಮೀರಿದ್ರ ದಂಡ ಬೀಳತೈತಿ, ತಡಾ ಅಂತ ಸಿಬಿಲ್ಲಿಗೂ ಬರದ ಕಳಸತಾರ.

ಹಂಗಂದ್ರ ಕಾರ್ಡು ಬ್ಯಾಡೇ ಬ್ಯಾಡ ಅಂತಲ್ಲ. ಆ ಕಾರ್ಡು ಬ್ಯಾಡ. ನಿನ್ನ ಉಳಿತಾಯ ಖಾತೆ ಇರೋ ಬ್ಯಾಂಕಿನ್ಯಾಗ ಎಫ್‌ಡಿ ಮ್ಯಾಲೆ ಕಾರ್ಡು ಕೊಡತಾರೇನು ಕೇಳು. ಕಡ್ಲಿ ಮಾರಿದ ರೊಕ್ಕದಾಗ 20,000 ಎಫ್‌ಡಿ ಇಡು. ಅದಕ್ಕ ಬಡ್ಡಿ ನಿನಗ ಬರಕೋತ ಇರತೈತಿ, ಅದರ ಮುಕ್ಕಾಲು ಪಾಲಿನಷ್ಟೋ ಇನ್ನೂ ಹೆಚ್ಚೋ ಮಿತಿ ಹಾಕಿ ಕಾರ್ಡು ಕೊಡತಾರ. ಅಡವು ಇರೋದರಿಂದ ಹಳೆ ಸ್ಕೋರಿನ ತಕರಾರು ಅಷ್ಟಾಗಿ ತಗಿಯಂಗಿಲ್ಲ. ಬಾಕಿ ಇಟ್ರ ಬಡ್ಡಿ ಇದಕ್ಕೂ ಬೀಳತೈತಿ, ಹಗುರ ಅಂತ ತಿಳಕೋಬ್ಯಾಡ. ಕಟ್ಟದಿದ್ರ ಎಫ್‌ಡಿನೂ ಹೋತು, ಚೌಕದಾಗ ಮಸಿನೂ ಬಿತ್ತು.

ಆ ಕಾರ್ಡಿನ ಮ್ಯಾಲೆ ಹೊಲದ ಖರ್ಚು ಒಂದ ಪೈಸಾ ಹಾಕಬಾರದು. ನಿನ್ನ ಮನಿಯೊಳಗ ತಿಂಗಳಾ ತಪ್ಪದ ಬರೋದು ಒಂದ ರೊಕ್ಕ, ಡೇರಿ ಬಟವಡೆ. ಗೃಹಲಕ್ಷ್ಮಿ ಎರಡು ಸಾವಿರ ಬರತೈತಿ ಖರೆ, ಯಾವ ತಿಂಗಳದ್ದು ಯಾವ ತಿಂಗಳಿಗೆ ಅನ್ನೋದು ಆ ಲಕ್ಷ್ಮಿಗೇ ಗೊತ್ತು. ಅದಕ್ಕ ಎಮ್ಮಿ ಹಾಲು ಎಷ್ಟ ಭಾರ ಹೊರತೈತೋ ಅಷ್ಟ ಕಾರ್ಡಿಗೆ. ಗ್ಯಾಸ್ ಸಿಲಿಂಡರು, ನಿಮ್ಮ ಮೊಬೈಲ್ ರಿಚಾರ್ಜು, ಮುಗೀತು. ಕರೆಂಟ್ ಬಿಲ್ಲಂತೂ ಗೃಹಜ್ಯೋತಿಯೊಳಗ ಸೊನ್ನಿ. ಮಿತಿ 15,000 ಇದ್ರ 4,500 ದಾಟಬ್ಯಾಡ, ಮಿತಿ ತುಂಬಾ ಬಳಸಾಂವನ್ನ ಇವರ ಲೆಕ್ಕ ಹಸದ ಮನಷ್ಯಾ ಅಂತ ನೋಡತೈತಿ. ಬಟವಡೆ ಬೀಳೋ ಖಾತೆದಿಂದಲೇ ಪೂರಾ ಬಿಲ್ಲು ತಾನ ಕಟ್ಟಾಗೋ ಹಂಗ ಆಟೋಪೇ ಬರಸು. "ಪೂರಾ" ಅಂತ ಕೇಳಿ ಬರಸು, ಕನಿಷ್ಠ ಮೊತ್ತಕ್ಕ ಗುರುತ ಹಾಕಿಬಿಡತಾರ. ಬಿಲ್ಲಿನ ತಾರೀಖು ನಿನಗ ಹೊಂದದಿದ್ರ ಬದಲ ಮಾಡಿಸಿಕೊಳ್ಳೋ ಹಕ್ಕು ಐತಿ. ಕಾರ್ಡಿನಿಂದ ಎಟಿಎಂದಾಗ ರೊಕ್ಕ ತಗೀಬ್ಯಾಡ, ಅದಕ್ಕ ಮದಲನೇ ದಿನದಿಂದನ ಬಡ್ಡಿ.

ಇನ್ನೊಂದ. ರುಪೇ ಕಾರ್ಡು ಆದ್ರ ಅದನ್ನ ಫೋನ್‌ಪೇ, ಗೂಗಲ್‌ಪೇಗೆ ಜೋಡಸಾಕ ಬರತೈತಿ. ಜೋಡಸಬ್ಯಾಡ. ಅಣ್ಣಿಗೇರಿ ಸಂತಿಯೊಳಗ, ಗೊಬ್ಬರದ ಅಂಗಡಿಯೊಳಗ ಕ್ಯೂಆರ್‌ಗೆ ಫೋನ್ ಹಿಡಿದಾಗ ಹೋಗೋದು ನಿನ್ನ ರೊಕ್ಕೋ, ಸಾಲದ ರೊಕ್ಕೋ ಅನ್ನೋದ ತಿಳಿಯಂಗಿಲ್ಲ. ಕಿರಾಣಿ ಅಂಗಡಿ ಉದ್ರಿ ಬರಸಾಗ ಸಾವುಕಾರನ ಮಾರಿ ನೋಡಿ ನಾಚಿಕಿ ಆಗತಿತ್ತಲ್ಲ, ಅಷ್ಟೂ ಆಗಂಗಿಲ್ಲ ಇಲ್ಲಿ.

ಟ್ರ್ಯಾಕ್ಟರ್ ಸಾಲದ ಮಾತು. ಫೈನಾನ್ಸಿನವರು ಒಂದಿಷ್ಟ ಬಿಟ್ಟು ಒಂದಿಷ್ಟ ಕಟ್ಟಿಸಿಕೊಂಡು 2021ರಾಗ ಮುಗಿಸಿದ್ರಲ್ಲ, ನೀ ಅವತ್ತ ಋಣಾ ಹರೀತು ಅಂದಿ. ಅವರು ರಿಪೋರ್ಟಿನ್ಯಾಗ "ಸೆಟಲ್ಡ್" ಅಂತ ಬರದಾರ. ಮುಟ್ಟಿಸಿದ ಸಾಲಕ್ಕ "ಕ್ಲೋಸ್ಡ್" ಅಂತ ಇರಬೇಕು. ಇಂಥಾ ಮಾಹಿತಿ ಕನಿಷ್ಠ ಏಳು ವರ್ಷ ಇಟಗೋಬೇಕು ಅಂತ ಅವರಿಗೆ ಕಾಯ್ದೆ ಐತಿ, ಅಂದ್ರ ತಾನ ಅಳಿಸಿ ಹೋಗತೈತಿ ಅಂತ ಕಾಯೋದು ಭಾಳ ದೂರ. ಕಾರ್ಡು ಒಳ್ಳೆ ಚೌಕ ಕೂಡಿಸತೈತಿ, ಹಳೆ ಕಲಿ ಒರಸಂಗಿಲ್ಲ. ಅವರು ಬಿಟ್ಟದ್ದು ಎಷ್ಟ ಅಂತ ಕಾಗದ ಹುಡುಕು. ಕಟ್ಟೋ ಹಂಗಿದ್ರ, "ಕ್ಲೋಸ್ಡ್" ಅಂತ ತಿದ್ದಿಸ್ತೀವಿ ಅಂತ ಮದಲ ಬರವಣಿಗಿಯೊಳಗ ಒಪ್ಪಿಸಿಕೊಂಡು, ಆಮ್ಯಾಲೆ ಅದಷ್ಟೂ ರೊಕ್ಕ ಕೊಟ್ಟು ಬೇಬಾಕಿ ಪತ್ರ ಇಸಗೋ. ಬಾಯಿಮಾತಿಗೆ ಕೊಡಬ್ಯಾಡ. ಆಮ್ಯಾಲೆ ತಿದ್ದಲಿಲ್ಲ ಅಂದ್ರ ಸಿಬಿಲ್ಲಿಗೆ ತಕರಾರು ಹಾಕು. 30 ದಿನದಾಗ ಬಗಿಹರಿಸದಿದ್ರ ದಿನಕ್ಕ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಐತಿ.

ಕಡೀಕ, ನೀ ಯೋಚನೀನ ಮಾಡಿರದ ಒಂದ ಮಾತು. ಮಗಳ ನರ್ಸಿಂಗ್ ಸಾಲಕ್ಕ ತಂದೀನ ಜೋಡಿ ಸಹಿ ಹಾಕಬೇಕು ಅಂತ ಎಲ್ಲೂ ಇಲ್ಲ. ತಾಯಿ ಹಾಕಬಹುದು. ನಿನ್ನ ಮನಿಯಾಕಿ ಸಂಘದ ಸಾಲ ತೊಗೊಂಡು ವಾರಾ ವಾರಾ ಕಟ್ಟಿಕೋತ ಬಂದಾಳ, ನೀ ಅದನ್ನ "ಹೆಣ್ಣಮಕ್ಕಳ ಚಿಲ್ಲರೆ ವ್ಯವಹಾರ" ಅಂತಿದ್ದಿ. ಆ ಮೈಕ್ರೋಫೈನಾನ್ಸ್ ಕಂತೂ ಆಕಿ ಹೆಸರಿಲೆ ದಾಖಲಾಗತಾವ. ಹೊಳಿ ಬಂದ ವರ್ಷಾನೂ ಆಕಿ ಕಿವಿ ಬೆಂಡೋಲಿ ಒತ್ತಿ ಇಟ್ಟು ಕಟ್ಟಿದ್ದು ನನಗ ಗೊತ್ತು, ನಿನಗ ಹೇಳಿರಲಿಲ್ಲ. ಈ ಮನಿಯೊಳಗ ಪತ್ತು ಇದ್ದದ್ದು ಆಕಿ ಹಂತ್ಯಾಕ ಅಂತ ನನ್ನ ಅಂದಾಜು. ವರ್ಷಕ್ಕೊಮ್ಮೆ ನಾಕೂ ಕಂಪನಿಯವರು ಪೂರಾ ರಿಪೋರ್ಟು ಪುಕ್ಕಟೆ ಕೊಡಬೇಕು. ಮಗಳು ಮೊಬೈಲಿನ್ಯಾಗ ಇಬ್ಬರದೂ ತಗೀಲಿ. ರಿಪೋರ್ಟು ತೆಗಸಾಕ ಏಜೆಂಟಗ 500 ರೂಪಾಯಿ ಕೊಡೋದು ಬ್ಯಾಡ. ಆಕಿದು ಚಲೋ ಇದ್ರ ವಿದ್ಯಾಲಕ್ಷ್ಮಿ ಪೋರ್ಟಲಿನ್ಯಾಗ ಆಕಿ ಹೆಸರು ಹಾಕಿ ಅರ್ಜಿ ಕೊಡ್ರಿ, 4 ಲಕ್ಷದತನಕ ಅಡವು ಕೇಳಂಗಿಲ್ಲ. ಮ್ಯಾನೇಜರ್ ಮುಂದ ಆಕೀನ ಮಾತಾಡಲಿ, ನೀ ಹಿಂದ ಕುಂಡ್ರು.

ಎರಡೂ ರಿಪೋರ್ಟು ಬಂದ ಕೂಡಲೇ ನನಗ ಕಳಸು. ಟ್ರ್ಯಾಕ್ಟರ್ ಫೈನಾನ್ಸಿನ ಕಾಗದ ಅಪ್ಪನ ಟ್ರಂಕಿನ್ಯಾಗ, ಉತಾರದ ಫೈಲಿನ ಕೆಳಗ ಇರಬೇಕು. ಅದರ ಜೆರಾಕ್ಸ್ ತೊಗೊಂಡು ಸೋಮವಾರ ಧಾರವಾಡಕ್ಕ ಬಾ, ಇಬ್ಬರೂ ಕೂಡಿ ಎಫ್‌ಡಿ ಕಾರ್ಡಿನ ಫಾರ್ಮು ತುಂಬೂಣು. ಬರುವಾಗ ಮನಿಯಾಕೀನ್ನೂ ಕರಕೊಂಡು ಬಾ.

ಇಂತಿ,
ನಿನ್ನ ಅಕ್ಕ