ಆನೆಯ ಬಾಗಿಲಿಗೆ ಒಂಟೆ

ಚದುರಂಗದ ಖಾಲಿ ಹಲಗೆಯ ಯಾವ ಮನೆಯಲ್ಲಿ ಆನೆಯನ್ನು ನಿಲ್ಲಿಸಿದರೂ ಅದಕ್ಕೆ 14 ಮನೆಗಳ ಹಿಡಿತ. ಮಂತ್ರಿ, ಒಂಟೆ, ಕುದುರೆಗಳಿಗೆ ಈ ಭಾಗ್ಯವಿಲ್ಲ, ಮೂಲೆಗೆ ಹೋದರೆ ಅವು ಸೊರಗುತ್ತವೆ. ಆನೆಯನ್ನು ಸೊರಗಿಸಬೇಕಾದರೆ ಅದರ ದಾರಿಯನ್ನೇ ಮುಚ್ಚಬೇಕು.

1974ರ ನೀಸ್ ಒಲಿಂಪಿಯಾಡ್‌ನಲ್ಲಿ ಕಾರ್ಪೋವ್ ಪಶ್ಚಿಮ ಜರ್ಮನಿಯ ಉನ್ಸಿಕರ್ ಮೇಲೆ ಮಾಡಿದ್ದು ಅದನ್ನೇ. 24ನೇ ನಡೆಯಲ್ಲಿ ತನ್ನ ಒಂಟೆಯನ್ನು ಮೂಲೆಯ ಕಪ್ಪು ಆನೆಯ ಮೂತಿಗೇ ತಂದಿಟ್ಟ. ಹೊಡೆಯೋಣವೆಂದರೆ ಹಿಂದೆ ಬಿಳಿ ಆನೆಯ ಕಾವಲು. ಒಂಟೆಗಾಗಿ ಆನೆ ಕೊಡುವುದು ನಷ್ಟದ ಬಾಬತ್ತು. ಹೊನ್ನಾವರದಲ್ಲಿ ಶರಾವತಿಯ ಅಳಿವೆಗೆ ಹೂಳು ತುಂಬಿದಾಗ ದೊಡ್ಡ ಬೋಟುಗಳ ಪಾಡೂ ಹೀಗೇ: ಎಂಜಿನ್ ಗಟ್ಟಿ, ಎದುರಿಗೇ ಕಡಲು, ಹೋಗುವ ಬಾಯಿ ಮಾತ್ರ ಕಟ್ಟಿದೆ. ಒಂಟೆಯ ಮರೆಯಲ್ಲಿ ಕಾರ್ಪೋವ್ ತನ್ನ ಎರಡೂ ಆನೆಗಳನ್ನು ಒಂದೇ ಸಾಲಿಗೆ ತಂದುಕೊಂಡ. ಆ ಸಾಲು ಯಾವಾಗ ತೆರೆಯುವುದೆಂಬುದು ಇನ್ನು ಅವನ ಮರ್ಜಿ. ಆಮೇಲೆ ಅವಸರವಿಲ್ಲದೆ ರಾಜನ ಕಡೆ ತಿರುಗಿದ.

ಭಟ್ಕಳ-ಕುಮಟಾ ಬಸ್ಸಿನಲ್ಲಿ ಕೂತು ಫೋನಿನಲ್ಲಿ 3 ನಿಮಿಷದ ಆಟ ಆಡುವ ಹುಡುಗರಿಗೆ ಈ ನಡೆ ತೋರಿಸಿದರೆ, ‘ಇದ್ರಲ್ಲಿ ಎಂತಾ ಆಯ್ತು ಮಾರಾಯಾ?’ ಅಂದಾರು. ಆ ಕ್ಷಣಕ್ಕೆ ಏನೂ ಆಗಲಿಲ್ಲ, ನಿಜ. ಉನ್ಸಿಕರ್ ಸೋಲೊಪ್ಪಿದ್ದು 44ನೇ ನಡೆಗೆ.